ಎಳೆ ಕತ್ತರಿಸಿದ ಬದಿ

ಬನಹಟ್ಟಿ
9 ಜನವರಿ 2024

ರೇಷ್ಮಾಗೆ,

ನನ್ನ ನಂಬರಿನಿಂದ ನಿನ್ನ ಫೋನು ಹತ್ತುವುದಿಲ್ಲ. ಕೆಂಪವ್ವನ ಫೋನಿನಿಂದ ಮಾಡಿದರೆ ಹತ್ತುತ್ತದೆ, ನನ್ನ ದನಿ ಕೇಳಿದ ಕೂಡಲೇ ಬಂದ್ ಆಗುತ್ತದೆ. ಆದ್ದರಿಂದ ಕಾಗದ. ವಿಳಾಸ ಕೊಟ್ಟವಳೂ ಕೆಂಪವ್ವನೇ. ಮಗಳು ಪುಣೆಯಲ್ಲಿ ಎಲ್ಲಿದ್ದಾಳೆಂದು ಪಕ್ಕದ ಮನೆಯವಳಿಗೆ ಗೊತ್ತು, ಹೆತ್ತವಳಿಗೆ ಗೊತ್ತಿಲ್ಲ. ಇದು ನಮ್ಮ ಓಣಿಯಲ್ಲಿ ಎಲ್ಲರಿಗೂ ಗೊತ್ತಿರುವ ವಿಷಯ.

ನಿನ್ನ ಮಗಳ ಫೋಟೊಗಳನ್ನು ನೀನು ಕೆಂಪವ್ವನಿಗೆ ಕಳಿಸುತ್ತೀಯ. ಅವಳು ನನಗೆ ತೋರಿಸುತ್ತಾಳೆ, ಆದರೆ ಫೋನನ್ನು ಕೈಗೆ ಕೊಡುವುದಿಲ್ಲ. ಮೊನ್ನೆ ಮಗ್ಗದಿಂದ ಬಂದ ಸೀರೆಗಳ ಬಿಡಿ ಎಳೆ ಕತ್ತರಿಸುತ್ತ ಹೆಂಗಸರೆಲ್ಲ ಕೂತಿದ್ದಾಗ ಅಂದಳು: "ಗುರುಬಾಯಿ, ಮೂಗು ನಿಂದ ಬಂದೈತಿ ನೋಡ ಬೇ. ಪಾಪ, ಅಷ್ಟ ಸಣ್ಣ ಮಾರಿ ಮ್ಯಾಲ ಅದನ್ನ ಹೆಂಗ ಹೊತಗೊಂಡ ತಿರಗತೈತೋ!" ಎಲ್ಲರೂ ನಕ್ಕರು. ನಾನೂ ನಕ್ಕೆ. ಕೂಸು ಯಾವ ಫೋಟೊದಲ್ಲೂ ಬಾಯಿ ತೆರೆದಿಲ್ಲ. ಹಟದಲ್ಲಿ ನಿನ್ನನ್ನೇ ಹೋಲುತ್ತದೆ. ವಿಡಿಯೊ ಕಾಲ್ ಮಾಡು ಎಂದರೆ ಮಲಗಿದೆ ಎನ್ನುತ್ತೀಯಂತೆ.

ಏಳು ತಿಂಗಳಿಗೇ ಹುಟ್ಟಿದ ಕೂಸು, ಬರುವ ತಿಂಗಳು ಅದಕ್ಕೆ ಮೂರು ತುಂಬುತ್ತದೆ. ಮೃಣ್ಮಯಿ ಎಂಬ ಹೆಸರು ನನ್ನ ನಾಲಿಗೆಯ ಮೇಲೆ ಹೊರಳುವುದಿಲ್ಲ. ನಿನ್ನ ಗಂಡ ಅಮೇಯನ ಮನೆಯವರು ಇಟ್ಟಿರಬೇಕು. ಜಮಖಂಡಿಯ ಮನೆ ಮಾರಿ ಪುಣೆ ಸೇರಿದ ಮೇಲೂ ಆ ಜನ ಹೆಸರಿನಲ್ಲಿ ದೊಡ್ಡಸ್ತಿಕೆ ಬಿಟ್ಟಿಲ್ಲ.

ಒಂದು ದಿನ ಬರುತ್ತೇನೆ. ಮೊಮ್ಮಗಳ ಮುಖ ನೋಡಿ ಅವತ್ತೇ ಬಸ್ಸು ಹತ್ತುತ್ತೇನೆ. ನಿಮ್ಮ ಮನೆಯ ನೀರು ಸಹ ಕುಡಿಯುವುದಿಲ್ಲ. ಆಗಿಹೋದದ್ದರ ಬಗ್ಗೆ ನೀನು ಮಾತು ತೆಗೆಯಬೇಡ, ನಾನೂ ತೆಗೆಯುವುದಿಲ್ಲ.

ನಿನ್ನ ಅವ್ವ,
ಗುರುಬಾಯಿ


ಪುಣೆ
22 ಜನವರಿ 2024

ಗುರುಬಾಯಿಯವರಿಗೆ,

ಇನ್ನು ಮುಂದೆ 'ನಿನ್ನ ಅವ್ವ' ಎಂದು ಬರೆಯಬೇಡ. ಹೆಸರು ಸಾಕು. ಫೋನೂ ಬೇಡ. ನಿನ್ನ ದನಿ ನನಗೆ ಬೇಡ. ಕಾಗದ ಓದಬಲ್ಲೆ.

ಆಗಿಹೋದದ್ದರ ಮಾತು ಬೇಡ ಎಂದಿದ್ದೀಯ. ನಾನು ತೆಗೆಯುತ್ತೇನೆ. ಎರಡೇ ಇವೆ.

ನಾನು ಒಂಬತ್ತನೇ ತರಗತಿಯಲ್ಲಿದ್ದಾಗ ಬಚ್ಚಲಲ್ಲಿ ಹಂಡೆಯ ಹಿಂದಿನ ಗೋಡೆಯ ಮೇಲೆ ಇದ್ದಿಲಿನಿಂದ ಚಿತ್ರ ಬರೆದಿದ್ದೆ. ಎಳೆ ಕತ್ತರಿಸುತ್ತ ಕೂತ ಹೆಂಗಸರ ಸಾಲು, ನಡುವೆ ನೀನು. ನೀನು ನನ್ನ ಬಲಗೈ ಹಿಡಿದು ಅಂಗೈಯನ್ನು ಕಾದ ಹಂಡೆಗೆ ಒತ್ತಿದೆ. "ಚಿತ್ರಾ ಬರದರ ಹೊಟ್ಟಿ ತುಂಬತೈತೇನ? ಹೇಳ, ತುಂಬತೈತೇನ?" ಎಂದು ಕೇಳುತ್ತಲೇ ಇದ್ದೆ. ನಾನು ಇಲ್ಲ ಅನ್ನುವವರೆಗೆ ಬಿಡಲಿಲ್ಲ.

ಎರಡನೆಯದು 2021ರ ಜನವರಿ. ನಾನು ಆರು ತಿಂಗಳ ಬಸುರಿ. ಮದುವೆಯ ಸಿಟ್ಟು ಇಳಿದಿರಬಹುದೆಂದು ನಾನೇ ಫೋನು ಮಾಡಿ ತಿಳಿಸಿದೆ. ನೀನು ಅಂದದ್ದು: "ಜಾತಿ ಬಿಟ್ಟು ಹ್ವಾದಾಕಿ ನೀ. ನಿನ್ನ ಹೊಟ್ಟ್ಯಾಗಿನ ಕೂಸು ನಿನ್ನ ಒಮ್ಮಿನೂ ಅವ್ವಾ ಅನಬಾರದು."

ಈಗ ನನ್ನ ಹೊಟ್ಟೆ ಚಿತ್ರದಿಂದಲೇ ತುಂಬುತ್ತಿದೆ. ಕಂಪ್ಯೂಟರ್ ಗೇಮುಗಳಲ್ಲಿ ಮನೆ, ಮರ, ಬಾಗಿಲು, ಮನುಷ್ಯರು ಇರುತ್ತಾರೆ. ಮೊದಲು ಅವೆಲ್ಲ ಬೋಳು ಆಕಾರಗಳು. ಅವುಗಳ ಮೇಲೆ ದಿಂಬಿಗೆ ಗಲೀಫು ಹಾಕಿದಂತೆ ಒಂದು ಚಿತ್ರವನ್ನು ಹೊದಿಸುತ್ತಾರೆ. ಅದಕ್ಕೆ ಟೆಕ್ಸ್ಚರ್ ಎನ್ನುತ್ತಾರೆ. ನಾನು ಅದನ್ನು ಫೋಟೊ ಬಳಸದೆ, ಕೈಯಿಂದಲೇ, ಕಂಪ್ಯೂಟರಿನಲ್ಲಿ ಬರೆಯುತ್ತೇನೆ. ಹಂಡೆಗೆ ಒತ್ತಿದ ಕೈಯಿಂದಲೇ.

ನೀನೂ ಕಲಿ. ಶಿವಪುತ್ರನ ಸೀರೆ ಡಿಸೈನ್ ಅಂಗಡಿಯಲ್ಲಿ ಕಂಪ್ಯೂಟರಿಗೆ ಜೋಡಿಸುವ ಪೆನ್ನು, ಫಲಕ ಎರಡೂ ಇವೆ. ನಾಲ್ಕು ಟೆಕ್ಸ್ಚರ್ ಬರೆದು ಅವನ ಮೇಲ್‌ನಿಂದ ಕಳಿಸು: ಕಟ್ಟಿಗೆ, ಕಲ್ಲು, ಗೋಡೆ, ಬಟ್ಟೆ. ಒಂದು ಒಪ್ಪಿಗೆಯಾಗದೆ ಮುಂದಿನದಿಲ್ಲ. ನಾಲ್ಕೂ ಒಪ್ಪಿಗೆಯಾದರೆ ಬಂದು ಮೃಣ್ಮಯಿಯನ್ನು ನೋಡಬಹುದು. ನಿಯಮ ಎರಡೇ. ಬೆಳಕು ಒಂದೇ ಕಡೆಯಿಂದ, ಮೇಲಿನಿಂದ ಬೀಳಬೇಕು. ಚೌಕದ ಎಡ ಅಂಚು ಬಲ ಅಂಚಿಗೆ, ಮೇಲಿನದು ಕೆಳಗಿನದಕ್ಕೆ ಕೂಡಬೇಕು. ಅದನ್ನು ಸಾಲಾಗಿ ಜೋಡಿಸಿದರೆ ಎಲ್ಲಿ ಕೂಡಿತೆಂದು ಯಾರಿಗೂ ಕಾಣಬಾರದು.

ರೇಷ್ಮಾ


ಬನಹಟ್ಟಿ
18 ಫೆಬ್ರುವರಿ 2024

ರೇಷ್ಮಾಗೆ,

ಹೆಸರು ಸಾಕು ಎಂದಿದ್ದೀಯ. ಕೆಳಗೆ ಹೆಸರೇ ಇದೆ.

ಹಂಡೆಯ ಮಾತಿಗೆ ಉತ್ತರ: ಅಂದು ಸಂಜೆಯೊಳಗೆ ಸೀರೆಗಳ ಎಳೆ ಕತ್ತರಿಸಿ ಒಪ್ಪಿಸಬೇಕಿತ್ತು. ನಿನ್ನ ಪಾಲಿನವು ಹಾಗೇ ಬಿದ್ದಿದ್ದವು. ನಿನ್ನ ಅಪ್ಪ ಹಾಸಿಗೆ ಹಿಡಿದಿದ್ದ. ಕೈ ಸುಟ್ಟದ್ದು ಖರೆ. ಗೋಡೆಯ ಮೇಲೆ ನೀನು ನನ್ನ ಮೂಗನ್ನು ಅಷ್ಟು ದೊಡ್ಡದು ಬರೆದದ್ದೂ ಖರೆ.

ಇನ್ನು ಫೋನಿನ ಮಾತು. ಸಿಟ್ಟಿನಲ್ಲಿ ಹೆತ್ತವರು ಏನೇನೋ ಅನ್ನುತ್ತಾರೆ, ಎಲ್ಲವೂ ನಡೆಯುವುದಿಲ್ಲ. ನಿನಗೆ ಮಗಳು ಹುಟ್ಟಿ ಮೂರು ವರ್ಷವಾಯಿತಲ್ಲ.

ಶಿವಪುತ್ರನ ಅಂಗಡಿಗೆ ಹೋಗಿ ವಿಷಯ ಹೇಳಿದೆ. "ಅತ್ತಿ, ಈ ವಯಸ್ಸಿನಾಗ ನಿಮಗ್ಯಾಕ್ರಿ ಇದು? ಕಣ್ಣು ಹೊಕ್ಕಾವ" ಅಂದ. "ಕಣ್ಣು ನಂದು, ಹೋದರ ನಂದ ಹೊಕ್ಕಾವ. ನೀ ಕುರ್ಚಿ ಬಿಡ" ಅಂದೆ. ಅವನು ಮಧ್ಯಾಹ್ನ ಊಟ ಮಾಡಿ ಮಲಗೆದ್ದು ಬರುವ ತನಕ ಕುರ್ಚಿ ನನ್ನದು. ಬದಲಿಗೆ ಅಂಗಡಿ ಗುಡಿಸಿ, ಅವನ ಮಾದರಿ ಬಟ್ಟೆಗಳ ಎಳೆ ಕತ್ತರಿಸಿ ಕೊಡುತ್ತೇನೆ.

ಪೆನ್ನು ಮೇಜಿನ ಫಲಕದ ಮೇಲೆ ಆಡುತ್ತದೆ, ಗೆರೆ ಎದುರಿನ ಪರದೆಯಲ್ಲಿ ಬೀಳುತ್ತದೆ. ನಾನು ಕೈ ನೋಡುತ್ತ ಕೂತರೆ ಗೆರೆ ಪರದೆಯನ್ನೇ ಬಿಟ್ಟು ಹೋಗಿರುತ್ತಿತ್ತು. ಶಿವಪುತ್ರ ಅಂದ: "ಕೈ ನೋಡಬ್ಯಾಡ್ರಿ. ಎಳಿ ಕತ್ತರಸುವಾಗ ಕತ್ತರಿ ನೋಡತೀರೇನು?" ಆಮೇಲೆ ಕೈ ಸ್ವಲ್ಪ ಮಾತು ಕೇಳಿತು. ಮೆಲ್ಲಗೆ ಒತ್ತಿದರೆ ಸಣ್ಣ ಗೆರೆ, ಜೋರಾಗಿ ಒತ್ತಿದರೆ ದಪ್ಪ. ನನ್ನವೆಲ್ಲ ದಪ್ಪ ಬರುತ್ತವೆ. "ಪೆನ್ನ ಮುರೀತಾವ್ರಿ ಅತ್ತಿ, ಯಾರ ಮ್ಯಾಲಿನ ಸಿಟ್ರಿ ಇದು?" ಎಂದು ಕೇಳಿದ.

ನಮ್ಮ ಮುಂಬಾಗಿಲ ಹಲಗೆ ಬರೆದಿದ್ದೇನೆ. ನೋಡು.

ಗುರುಬಾಯಿ


ಪುಣೆ
2 ಮಾರ್ಚ್ 2024

ಗುರುಬಾಯಿಯವರಿಗೆ,

ಇದು ಕಟ್ಟಿಗೆಯಲ್ಲ. ಮಳೆಗೆ ನೆನೆದ ಹಪ್ಪಳ. ಎಲ್ಲ ಗೆರೆಯೂ ಒಂದೇ ದಪ್ಪ, ಎಲ್ಲ ಗಂಟೂ ಒಂದೇ ಗಾತ್ರ. ಬಾಗಿಲು ಎಂದರೆ ಏನೆಂದು ತಿಳಿದುಕೊಂಡಿದ್ದೀಯೋ ಅದನ್ನು ಬರೆದಿದ್ದೀಯ. ಎದುರಿಗಿರುವ ಬಾಗಿಲನ್ನು ನೋಡಿಯೇ ಇಲ್ಲ.

ಬೆಳಕು ನಾಲ್ಕೂ ಕಡೆಯಿಂದ ಬಿದ್ದಿದೆ. ಪ್ರತಿ ಗೆರೆಯ ಪಕ್ಕದಲ್ಲೂ ಬಿಳಿ ಬಳಿದಿದ್ದೀಯ. ಹಬ್ಬಕ್ಕೆ ಸುಣ್ಣ ಹಚ್ಚುತ್ತಿಲ್ಲ ನೀನು. ಅಂಚುಗಳು ಕೂಡಿಲ್ಲ. ಜೋಡಿಸಿ ನೋಡಿದರೆ ಹಲಗೆಯ ನಡುವೆ ಗರಗಸದಿಂದ ಕೊಯ್ದಂತೆ ಕಾಣುತ್ತದೆ.

ಮೊದಲು ಮೂರೇ ಬಣ್ಣ ಇಟ್ಟುಕೊ. ನೆರಳಿನದು, ನಡುವಿನದು, ಬೆಳಕಿನದು. ದೊಡ್ಡದನ್ನು ಮೊದಲು ಬರೆ, ಬಿರುಕು ಗಂಟು ಕಡೆಗೆ. ಅಂಚು ಕೂಡಿದೆಯೇ ಎಂದು ನೋಡಲು ಚಿತ್ರವನ್ನು ಅರ್ಧಕ್ಕೆ ಸರಿಸು. ಆಗ ಹೊರಗಿನ ಅಂಚುಗಳು ನಡುವೆ ಬರುತ್ತವೆ, ಸುಳ್ಳೆಲ್ಲ ಎದ್ದು ಕಾಣುತ್ತದೆ.

ಮೃಣ್ಮಯಿ ನನ್ನ ಮೇಜಿನ ಕೆಳಗೆ ಕೂತು ಎಡಗೈಯಲ್ಲಿ ಪೆನ್ಸಿಲ್ ಹಿಡಿಯುತ್ತಾಳೆ. ಅವಳ ಗೆರೆ ನಿನ್ನದಕ್ಕಿಂತ ಚೆನ್ನಾಗಿದೆ.

ರೇಷ್ಮಾ


ಬನಹಟ್ಟಿ
27 ಮೇ 2024

ರೇಷ್ಮಾಗೆ,

ಕಟ್ಟಿಗೆ ಕೊನೆಗೂ ಒಪ್ಪಿಗೆಯಾಯಿತು ಎಂದು ಒಂದು ಸಾಲಿನ ಮೇಲ್ ಬಂತು. ಶಿವಪುತ್ರ ಪೇಢಾ ತಂದು ಹಂಚಿದ. ಕೆಂಪವ್ವ ಎರಡು ತಿಂದು ಅಂದಳು: "ಲೋಕದಾಗ ಮೊಮ್ಮಗಳ ನೋಡಾಕ ಬೆಳ್ಳಿ ಕಾಲಗಡಗ ಒಯ್ತಾರ. ನಮ್ಮ ಗುರುಬಾಯಿ ಕಟಿಗಿ ಬರದ ಒಯ್ಯಾಕತ್ತಾಳ. ನಾಳಿ ಕಲ್ಲು ಒಯ್ತಾಳಂತ!"

ಕಲ್ಲು ನೋಡಲು ಹೊಳೆ ದಂಡೆಯ ಗಲಗಲಿಗೆ ಹೋಗಿದ್ದೆ. ಹೊಳೆ ಬತ್ತಿ ಮೆಟ್ಟಿಲುಗಳು ತಳದವರೆಗೆ ಕಾಣುತ್ತಿದ್ದವು. ಬಟ್ಟೆ ಒಗೆಯುವ ಹೆಂಗಸರು ನಾನು ಏನನ್ನೋ ಕಳೆದುಕೊಂಡಿದ್ದೇನೆಂದು ತಿಳಿದು ತಾವೂ ಹುಡುಕತೊಡಗಿದರು. "ಏನ ಬಿದ್ದೈತಬೇ ಯವ್ವಾ, ಕಿವ್ಯಾಗಿನ ಬೆಂಡವಾಲಿಯೇನ?" ಕಲ್ಲು ನೋಡುತ್ತಿದ್ದೇನೆ ಎಂದೆ. ಸ್ವಲ್ಪ ದೂರ ಸರಿದು ಕೂತರು.

ಕಲ್ಲು ಬೂದಿ ಬಣ್ಣ ಎಂದುಕೊಂಡಿದ್ದೆ. ಅಲ್ಲ. ನೆರಳಿನಲ್ಲಿ ನೀಲಿ ಇದೆ, ನೀರು ನಿಂತಿದ್ದ ಕಡೆ ಹಸಿರಿದೆ, ಕಾಲು ಸವೆಸಿದ ಕಡೆ ಹಳದಿ ಇದೆ. ಐವತ್ತು ದಾಟುವ ತನಕ ಇದನ್ನು ನೋಡಿರಲಿಲ್ಲ. ನೋಡಿದ್ದರಿಂದ ಏನೂ ಉಪಯೋಗವಾಗಿಲ್ಲ, ಆದರೆ ಈಗ ನೋಡದೆ ಇರಲು ಆಗುತ್ತಿಲ್ಲ. ಬಸ್ಸಿನಲ್ಲಿ ಎದುರಿನವನ ಕುತ್ತಿಗೆಯ ಮೇಲೆ ಬೆಳಕು ಎಲ್ಲಿಂದ ಬಿದ್ದಿದೆ ಎಂದು ನೋಡುತ್ತ ಬಂದೆ. ಅವನು ಎದ್ದು ಬೇರೆ ಕಡೆ ಕೂತ.

ಕಲ್ಲು ಕಳಿಸಿದ್ದೇನೆ. ಮತ್ತೆ ಹಪ್ಪಳ ಅನ್ನುವುದಾದರೆ ಬೇಗ ಅನ್ನು. ಕೂಸು ಬೆಳೆಯುತ್ತಿದೆ.

ಗುರುಬಾಯಿ


ಪುಣೆ
19 ಜೂನ್ 2024

ಗುರುಬಾಯಿಯವರಿಗೆ,

ಕಲ್ಲು ನಡೆಯುತ್ತದೆ. ಹಳದಿ ಹೆಚ್ಚಾಗಿದೆ, ಆದರೂ ನಡೆಯುತ್ತದೆ.

ಮುಂದಿನದು ಗೋಡೆ. ಯಾವುದೋ ಗೋಡೆಯಲ್ಲ. ಬಚ್ಚಲಲ್ಲಿ ಹಂಡೆಯ ಹಿಂದಿನ ಗೋಡೆ. ಮಸಿ ಎಲ್ಲಿಂದ ಹತ್ತಿದೆ, ಎಷ್ಟು ಎತ್ತರದವರೆಗೆ, ಎಲ್ಲಿ ಉದುರಿದೆ ಎಲ್ಲವೂ ಬೇಕು. ಎದುರಿಗೆ ಕೂತು ನೋಡಿ ಬರೆ. ನೆನಪಿನಿಂದ ಬರೆದರೆ ನನಗೆ ತಿಳಿಯುತ್ತದೆ. ಆ ಗೋಡೆ ನನಗೆ ನಿನಗಿಂತ ಚೆನ್ನಾಗಿ ಗೊತ್ತು. ಕೈ ಹಂಡೆಯ ಮೇಲಿದ್ದಷ್ಟು ಹೊತ್ತೂ ಅದನ್ನೇ ನೋಡುತ್ತಿದ್ದೆ.

ರೇಷ್ಮಾ


ಬನಹಟ್ಟಿ
30 ಜುಲೈ 2024

ರೇಷ್ಮಾಗೆ,

ಗೋಡೆ ಕಳಿಸಿದ್ದೇನೆ. ದಿನಾ ಬೆಳಿಗ್ಗೆ ಬಚ್ಚಲಲ್ಲಿ ಮಣೆ ಹಾಕಿಕೊಂಡು ನೋಡುವುದು, ಮಧ್ಯಾಹ್ನ ಅಂಗಡಿಯಲ್ಲಿ ಬರೆಯುವುದು. ಮಸಿ ಎಂದರೆ ಬರೀ ಕಪ್ಪಲ್ಲ. ಒಲೆಯ ಬಾಯಿಯ ಹತ್ತಿರ ಕಂದು, ಮೇಲೆ ಹೋದಂತೆ ನೀಲಿ, ನೀರು ಸಿಡಿದ ಕಡೆ ಬೂದಿ.

ನಿನ್ನ ಚಿತ್ರದ ಮೇಲೆ ನಾನು ಅವತ್ತೇ ಸುಣ್ಣ ಬಳಿದಿದ್ದೆ. ಈ ಮಳೆಗಾಲದಲ್ಲಿ ಒಂದು ಕಡೆ ಸುಣ್ಣ ಎದ್ದಿದೆ. ಕೆಳಗೆ ಇದ್ದಿಲಿನ ಗೆರೆ ಇದೆ. ಯಾರದೋ ಕೈ, ಕೈಯಲ್ಲಿ ಕತ್ತರಿ. ಹೆಬ್ಬೆರಳು ಇರಬೇಕಾದ ಜಾಗದಲ್ಲೇ ಇದೆ. ಅಷ್ಟು ಸಣ್ಣವಳಿದ್ದಾಗ ಹೆಬ್ಬೆರಳು ಅಷ್ಟು ಸರಿಯಾಗಿ ಹೇಗೆ ಬರೆದೆ? ನನಗೆ ಈಗಲೂ ಬರುವುದಿಲ್ಲ. ಇದನ್ನು ಹೊಗಳಿಕೆ ಎಂದು ತಿಳಿಯಬೇಡ. ಅಂದಿನ ಸೀರೆಗಳ ಎಳೆ ನಾನೊಬ್ಬಳೇ ಕತ್ತರಿಸಿದ್ದು.

ಬೇರೆ ಒಂದು ಪಾರ್ಸೆಲ್ ಕಳಿಸಿದ್ದೇನೆ. ಕೂಸಿಗೆ ಫ್ರಾಕಿನ ಬಟ್ಟೆ. ನಮ್ಮಲ್ಲೇ ನೇಯ್ದದ್ದು, ಕೆಂಪು ನೆಲದ ಮೇಲೆ ಹಳದಿ ಬುಟ್ಟಾ ಹೂ. ಎಳೆಗಳನ್ನು ನಾನೇ ಕತ್ತರಿಸಿದ್ದೇನೆ. ಹೊಲಿಸಿ ಹಾಕಿ ಒಂದು ಫೋಟೊ ಕಳಿಸು. ಕೆಂಪವ್ವನಿಗಲ್ಲ, ನನಗೆ. ಶಿವಪುತ್ರನ ಮೇಲ್ ತೆರೆಯಲು ಈಗ ನನಗೇ ಬರುತ್ತದೆ.

ಗುರುಬಾಯಿ


ಪುಣೆ
21 ಆಗಸ್ಟ್ 2024

ಗುರುಬಾಯಿಯವರಿಗೆ,

ಗೋಡೆ ಒಪ್ಪಿಗೆ. ಎದ್ದ ಸುಣ್ಣದ ಜಾಗವನ್ನು ನೀನು ಬರೆದಿಲ್ಲ. ಬಿಟ್ಟೆಯೋ ಬರಲಿಲ್ಲವೋ, ಕೇಳುವುದಿಲ್ಲ.

ಪಾರ್ಸೆಲ್ ಬಂದಿದೆ.

ಉಳಿದದ್ದು ಬಟ್ಟೆ. ಎಲ್ಲಕ್ಕಿಂತ ಕಷ್ಟದ್ದು ಇದೇ. ದಾರ ಒಂದರ ಮೇಲೊಂದು ಏರಿದಲ್ಲಿ ಕೂದಲೆಳೆಯಷ್ಟು ಬೆಳಕು, ಇಳಿದಲ್ಲಿ ಅಷ್ಟೇ ನೆರಳು. ಸ್ವಲ್ಪ ಹೆಚ್ಚಾದರೆ ಚಾಪೆ, ಕಡಿಮೆಯಾದರೆ ಕಾಗದ. ನಮ್ಮ ಕಂಪನಿಗೆ ಕಲಿಯಲು ಬರುವ ಹುಡುಗರು ಬಿಟ್ಟು ಓಡುವುದು ಇಲ್ಲಿಯೇ. ನೀನೂ ಓಡಬಹುದು. ಮೃಣ್ಮಯಿಗೆ ಅಜ್ಜಿ ಒಬ್ಬಳಿದ್ದಾಳೆ. ಅಮೇಯನ ತಾಯಿ. ಕಥೆ ಹೇಳುತ್ತಾರೆ, ತುತ್ತು ಮಾಡಿ ಉಣಿಸುತ್ತಾರೆ. ಅವಳಿಗೆ ಯಾವುದೂ ಕಡಿಮೆಯಾಗಿಲ್ಲ.

ರೇಷ್ಮಾ


ಬನಹಟ್ಟಿ
26 ಸೆಪ್ಟೆಂಬರ್ 2024

ರೇಷ್ಮಾಗೆ,

ಬಟ್ಟೆ ಕಳಿಸಿದ್ದೇನೆ. ನಿನ್ನ ಕಂಪನಿಯ ಹುಡುಗರು ಓಡಿದರೆ ಓಡಲಿ. ನಾನು ಮದುವೆಯಾಗಿ ಬಂದಾಗಿನಿಂದ ಮಡಿಲಲ್ಲಿ ಬಟ್ಟೆ ಹರವಿಕೊಂಡು ಕೂತವಳು.

ಕೂಸಿಗೆ ಕಳಿಸಿದ ಬಟ್ಟೆಯನ್ನೇ ಬರೆದಿದ್ದೇನೆ. ಕೆಂಪು ನೆಲ, ಹಳದಿ ಬುಟ್ಟಾ. ತುಂಡು ಎದುರಿಗಿರಲಿಲ್ಲ, ನಿನಗೆ ಕಳಿಸಿಯಾಗಿತ್ತು. ಬೇಕಾಗಲೂ ಇಲ್ಲ. ಕಣ್ಣು ಮುಚ್ಚಿದರೂ ಕಾಣುವ ಬಟ್ಟೆ ಅದು. ಪ್ರತಿ ಹೂವಿನ ಸುತ್ತ ಕತ್ತರಿಸಿದ ಎಳೆಗಳ ತುದಿ ಬರೆಯಲು ಹೆಚ್ಚು ಹೊತ್ತು ಹಿಡಿಯಿತು. ಮೂಲೆಯ ಒಂದು ಹೂವಿಗೆ ಕೈ ತಪ್ಪಿ ಒಂದು ತುದಿ ಉದ್ದವಾಯಿತು, ಬಾಲದ ಹಾಗೆ. ಅಳಿಸಲು ಹೋದರೆ ಪಕ್ಕದ್ದು ಕೆಡುತ್ತಿತ್ತು, ಬಿಟ್ಟೆ. ಶಿವಪುತ್ರ ಮುಧೋಳಕ್ಕೆ ಹೆಂಡತಿಯ ಮನೆಗೆ ಹೋಗಿದ್ದಾನೆ. ಯಾರಿಗೂ ತೋರಿಸದೆ ಕಳಿಸಿದ ಮೊದಲ ಚಿತ್ರ ಇದು.

ಹಪ್ಪಳವೋ ಬಟ್ಟೆಯೋ ಹೇಳು. ಬಟ್ಟೆ ಎಂದಾದರೆ ಬರುವ ದಿನ ಹೇಳು. ಮತ್ತೆ, ಫ್ರಾಕಿನ ಫೋಟೊ ಬಂದಿಲ್ಲ.

ಗುರುಬಾಯಿ


ಪುಣೆ
14 ಅಕ್ಟೋಬರ್ 2024

ಗುರುಬಾಯಿಯವರಿಗೆ,

ಬಟ್ಟೆ.

ಬೇರೆ ಮಾತಿಲ್ಲ, ಇದು ಬಟ್ಟೆಯೇ. ಕತ್ತರಿಸಿದ ತುದಿಗಳ ಮೇಲೆ ಬಿದ್ದ ಬೆಳಕು, ಹೂವಿನ ಬುಡದಲ್ಲಿ ಎಳೆ ಬಿಗಿದ ಕಡೆಯ ಸಣ್ಣ ಸುಕ್ಕು, ಎಲ್ಲವೂ ಸರಿಯಾಗಿದೆ. ಶಾಲೆಯಿಂದ ಬಂದು ನಿನ್ನ ಪಕ್ಕದಲ್ಲಿ ಕೂತು ಕತ್ತರಿಸುತ್ತಿದ್ದಾಗ ನನ್ನ ಕಣ್ಣಿಗೆ ಕಂಡಿದ್ದ ಬಟ್ಟೆ ಇದೇ. ಕಂಪನಿಯಲ್ಲಿ ಯಾರಿಗೂ ಇದು ಬರುವುದಿಲ್ಲ. ನನಗೂ ಇಷ್ಟು ಬಂದಿಲ್ಲ. ತಿದ್ದಲು ಏನಾದರೂ ಸಿಗುತ್ತದೆಯೇ ಎಂದು ಎರಡು ದಿನ ನೋಡಿದೆ, ಸಿಗಲಿಲ್ಲ. ಆ ಬಾಲವೂ ಇರಲಿ.

ಆದರೆ ಈಗಲೇ ಬರಬೇಡ. ಮೃಣ್ಮಯಿಗೆ ಜ್ವರ ಬಂದು ಹೋಗಿದೆ. ದೀಪಾವಳಿಗೆ ನಾವು ಊರಲ್ಲಿರುವುದಿಲ್ಲ. ಆಮೇಲೆ ದಿನ ತಿಳಿಸುತ್ತೇನೆ. ಫ್ರಾಕು ಹಾಕಿದ ಫೋಟೊವನ್ನು ಇವತ್ತು ಮೇಲ್‌ಗೆ ಕಳಿಸಿದ್ದೇನೆ. ಸದ್ಯಕ್ಕೆ ಅದನ್ನು ನೋಡಿಕೊಂಡಿರು.

ರೇಷ್ಮಾ


ಬನಹಟ್ಟಿ
5 ನವೆಂಬರ್ 2024

ರೇಷ್ಮಾಗೆ,

ಫೋಟೊ ಬಂತು. ಶಿವಪುತ್ರನಿಂದ ದೊಡ್ಡದಾಗಿ ಪ್ರಿಂಟ್ ಹಾಕಿಸಿ, ಕಟ್ಟು ಹಾಕಿಸಿ, ಕತ್ತರಿಸುವ ಹೆಂಗಸರ ನಡುವೆ ಇಟ್ಟೆ. ಈ ಸಲ ಕೆಂಪವ್ವ ನನ್ನ ಕೈಯಿಂದ ಇಸಿದುಕೊಂಡು ನೋಡಬೇಕಾಯಿತು. ನೋಡಿ ಅಂದಳು: "ಅಯ್ಯ ಯವ್ವಾ, ಪುಣೇದಾಗ ಟೇಲರ್ ಕುಡ್ಡ ಅದಾನೇನ ಬೇ? ಫ್ರಾಕ ಉಲ್ಟಾ ಹೊಲದಾನಲ್ಲ!"

ಎಲ್ಲರೂ ಬಗ್ಗಿ ನೋಡಿ ನಕ್ಕರು. ನಾನೂ ನಕ್ಕು ಆ ಟೇಲರನಿಗೆ ನಾಲ್ಕು ಬೈದೆ. ಖರೆ, ಬಟ್ಟೆಯ ಹಿಂಬದಿ ಮೇಲಾಗಿತ್ತು. ಕತ್ತರಿಸಿದ ಎಳೆಗಳ ತುದಿಯೆಲ್ಲ ಹೊರಗೆ.

ಮನೆಗೆ ಬಂದ ಮೇಲೆ ತಿಳಿಯಿತು. ಬುಟ್ಟಾ ಸೀರೆ ಮಗ್ಗದ ಮೇಲೆ ಮುಖ ಕೆಳಗೆ ಮಾಡಿ ನೇಯಲಾಗುತ್ತದೆ. ನಮ್ಮ ಮಡಿಲಿಗೆ ಬರುವುದೂ ಹಿಂಬದಿಯೇ, ಎಳೆ ಇರುವುದು ಅಲ್ಲಿ. ಮುಖ ಮೇಲೆ ಮಾಡಿ ಮಡಚಿ ಮಾರುವವರು ಬೇರೆ, ಉಡುವವರು ಬೇರೆ. ನಾನು ಬಟ್ಟೆ ಎಂದು ಬರೆದು ಕಳಿಸಿದ್ದು ಹಿಂಬದಿ. ನನಗೆ ಗೊತ್ತಾಗಲಿಲ್ಲ. ನನ್ನ ಪಕ್ಕದಲ್ಲಿ ಕೂತು ಬೆಳೆದವಳು, ನಿನಗೂ ಗೊತ್ತಾಗಲಿಲ್ಲ.

ಟೇಲರನಿಗೆ ಗೊತ್ತಾಗದೆ ಇರುತ್ತದೆಯೇ? ಕಳಿಸಿದ ತುಂಡಿಗೆ ಎರಡು ಬದಿ ಇವೆ. ಕಣ್ಣಿಲ್ಲದವನೂ ಕೈಯಾಡಿಸಿ ಮುಖ ಯಾವುದೆಂದು ಹೇಳುತ್ತಾನೆ.

ಮರುದಿನ ಅಂಗಡಿಯಲ್ಲಿ ಫೋಟೊ ತೆರೆದು ದೊಡ್ಡದು ಮಾಡಿದೆ. ಎದೆಯ ಮೇಲೆ ಒಂದು ಹೂವಿಗೆ ಉದ್ದನೆಯ ಬಾಲ. ಸರಿಯಾಗಿ ಒಂದು ಚೌಕದಷ್ಟು ದೂರಕ್ಕೆ ಇನ್ನೊಂದು. ಕೆಳಗೆ ನೆರಿಗೆಯಲ್ಲಿ ಮತ್ತೊಂದು. ಮಗ್ಗದಲ್ಲಿ ಅಂಥ ತಪ್ಪು ಆದರೆ ಒಮ್ಮೆ ಆಗುತ್ತದೆ. ಅದು ನನ್ನ ಕೈ ತಪ್ಪಿದ ಎಳೆ, ರೇಷ್ಮಾ. ನನ್ನ ಚಿತ್ರವನ್ನು ನೀನು ಕೂಸಿಗೆ ತೊಡಿಸಿದ್ದೀಯ.

ಆಮೇಲೆ ಬೆಳಕು ನೋಡಿದೆ. ನೋಡುವುದನ್ನು ಕಲಿಸಿದವಳು ನೀನೇ. ಪಕ್ಕದ ಕುಂಡಕ್ಕೆ ಬೆಳಕು ಬಲಗಡೆಯಿಂದ, ಕೂಸಿನ ಕಿವಿಗೆ ಎಡಗಡೆಯಿಂದ. ಕಾಲ ಕೆಳಗೆ ನೆರಳೇ ಇಲ್ಲ.

ಪಾರ್ಸೆಲ್ ಒಡೆದಿದ್ದೀಯೋ ಇಲ್ಲವೋ? ಫ್ರಾಕು ಚಿತ್ರದ್ದಾದರೆ ಒಳಗಿನ ಕೂಸು ಯಾರದು? ಸುತ್ತು ಮಾತು ಬೇಡ. ಇದೆ ಅಥವಾ ಇಲ್ಲ, ಒಂದು ಪದ ಬರೆ.

ಗುರುಬಾಯಿ


ಪುಣೆ
28 ನವೆಂಬರ್ 2024

ಅವ್ವಾ,

ಇಲ್ಲ.

2021ರ ಫೆಬ್ರುವರಿ. ಏಳನೇ ತಿಂಗಳು. ಹೆಣ್ಣು. ಅಳಲಿಲ್ಲ. ನರ್ಸು ಬಟ್ಟೆಯಲ್ಲಿ ಸುತ್ತಿ ಒಮ್ಮೆ ತೋರಿಸಿ ಒಯ್ದಳು. ನೀನು ಫೋನಿನಲ್ಲಿ ಆ ಮಾತು ಅಂದು ತಿಂಗಳೂ ಆಗಿರಲಿಲ್ಲ. ಡಾಕ್ಟರು ಬೇರೆ ಕಾರಣ ಹೇಳಿದರು. ಇಂಗ್ಲಿಷಿನಲ್ಲಿ ಅದಕ್ಕೊಂದು ಹೆಸರಿದೆ. ನಾನು ಓದಿಕೊಂಡಿದ್ದೇನೆ, ನಿನ್ನ ಮಾತಿನಿಂದ ಆದದ್ದಲ್ಲವೆಂದು ಗೊತ್ತಿದೆ. ಆದರೂ ನನ್ನ ಕಿವಿಯಲ್ಲಿ ಇರುವುದು ಡಾಕ್ಟರ ಮಾತಲ್ಲ.

ಹೆರಿಗೆಯಾಯಿತೇ ಎಂದು ಕೆಂಪವ್ವ ಕೇಳಿದಳು. ನಿನ್ನ ಮಾತು ನಡೆಯಿತೆಂದು ನಿನಗೆ ತಿಳಿಯಬಾರದಿತ್ತು. ಹೆಣ್ಣು ಎಂದೆ. ಫೋಟೊ ಕೇಳಿದಳು. ಬರೆದೆ. ಮುಂದಿನ ತಿಂಗಳು ಮತ್ತೆ ಕೇಳಿದಳು. ಒಂದು ತಿಂಗಳು ದೊಡ್ಡವಳನ್ನು ಮಾಡಿ ಬರೆದೆ. ಎಲ್ಲವೂ ನನ್ನ ಕೈಯವು. ಒಮ್ಮೆ ಮಾತ್ರ ನೋಡಿದ್ದರಿಂದ ಮೂಗು ಚಿಕ್ಕದು ಮಾಡಲು ಆಗಲಿಲ್ಲ. ಇದ್ದದ್ದೇ ಹಾಗೆ.

ಅಮೇಯ ಈ ಕೋಣೆಗೆ ಬರುವುದಿಲ್ಲ. ಇಲ್ಲಿ ತೊಟ್ಟಿಲು ಮಾರಿ ಆಯಿತು, ಕಂಪ್ಯೂಟರಿನಲ್ಲಿ ಅವಳು ಕೂದಲು ಬೆಳೆದು ಓಡಾಡುತ್ತಿದ್ದಾಳೆ, ಅದನ್ನು ನೋಡಲಾರೆ ಎನ್ನುತ್ತಾನೆ.

ನೀನು ನೋಡಬೇಕು ಎಂದು ಬರೆದಾಗ ನಿನ್ನ ಕಣ್ಣು ಸೋಲುವ ತನಕ ದುಡಿಸಬೇಕು ಎನಿಸಿತು. ನಾಲ್ಕು ಮುಗಿದರೆ ಐದನೆಯದನ್ನು ಹೇಳಬೇಕೆಂದಿದ್ದೆ. ನೀನು ಇಷ್ಟು ಕಲಿಯುತ್ತೀಯೆಂದು ತಿಳಿದಿರಲಿಲ್ಲ.

ಪಾರ್ಸೆಲ್ ಒಡೆದಿಲ್ಲ. ಬರಬೇಡ. ಇಲ್ಲಿ ನೋಡುವುದು ಏನೂ ಇಲ್ಲ.

ರೇಷ್ಮಾ


ಬನಹಟ್ಟಿ
16 ಡಿಸೆಂಬರ್ 2024

ರೇಷ್ಮಾಗೆ,

ಕಾಗದ ಓದಿದೆ. ಆ ಮಾತು ನಾನು ಅಂದದ್ದು ಹೌದು. ಕಾಗದದಲ್ಲಿ ಅದನ್ನು ಹಿಂದಕ್ಕೆ ತೆಗೆದುಕೊಂಡರೆ ಯಾರೂ ಎದ್ದು ಬರುವುದಿಲ್ಲ. ಆದ್ದರಿಂದ ಅದನ್ನು ಬಿಟ್ಟು ಕೆಲಸದ ಮಾತು ಬರೆಯುತ್ತೇನೆ.

ಓಣಿಯಲ್ಲಿ ಯಾರಿಗೂ ಹೇಳಿಲ್ಲ. ಹೇಳುವುದೂ ಇಲ್ಲ. ಕಟ್ಟು ಹಾಕಿಸಿದ ಫೋಟೊ ಗೋಡೆಯ ಮೇಲಿದೆ. ಮೊನ್ನೆ ಕೆಂಪವ್ವ ಕೇಳಿದಳು: "ಆ ಉಲ್ಟಾ ಫ್ರಾಕಿನಾಕಿ ಯಾವಾಗ ಬರತಾಳ ಬೇ ಊರಿಗೆ?" ನಾಲ್ಕು ತುಂಬಲಿ, ಸಾಲಿಗೆ ಹಾಕುವ ಮೊದಲು ಕರೆದುಕೊಂಡು ಬರುತ್ತಾರೆ ಎಂದೆ. ಆದ್ದರಿಂದ ನೀನು ಅವಳಿಗೆ ನಾಲ್ಕು ತುಂಬಿಸಬೇಕು. ನಿಲ್ಲಿಸಲು ಬರುವುದಿಲ್ಲ. ಮೂರು ವರ್ಷ ನೀನು ಊರಿಗೆಲ್ಲ ತೋರಿಸಿದ ಕೂಸನ್ನು ನಾನು ಯಾವ ಬಾಯಿಂದ ಇಲ್ಲ ಅನ್ನಲಿ? ಕಲಿಯುವವರಿಗೆ ತಪ್ಪು ಹೇಳುವುದರಲ್ಲಿ ನೀನು ಕೈ ಬಿಗಿ ಹಿಡಿದಿರಲಿಲ್ಲ. ನಾನೂ ಹಿಡಿಯುವುದಿಲ್ಲ.

ಕುಂಡದ ಬೆಳಕನ್ನೂ ಕಿವಿಯ ಬೆಳಕನ್ನೂ ಒಂದೇ ಕಡೆಗೆ ತಾ. ಕಾಲ ಕೆಳಗೆ ನೆರಳು ಹಾಕು. ನೆರಳಿಲ್ಲದವರು ಯಾರೆಂದು ಇಲ್ಲಿ ಎಲ್ಲರಿಗೂ ಗೊತ್ತು. ಮೊಣಕಾಲು ಗಾಜಿನಂತಿದೆ. ಆ ವಯಸ್ಸಿನವರ ಮೊಣಕಾಲಿನ ಮೇಲೆ ತರಚಿ ಒಣಗಿದ ಗಾಯ ಇರಬೇಕು. ಯಾವಾಗಲೂ ಎರಡಾದರೂ ಇರುತ್ತವೆ, ನಿನಗೂ ಇದ್ದವು. ಉಗುರಿನಲ್ಲಿ ಮಣ್ಣಿಲ್ಲ. ಕೂದಲು ಬಾಚಿದ ಹಾಗೇ ಇದೆ, ಓಡಾಡಿದ ಕೂಸಿನ ಕೂದಲಲ್ಲ. ಮೂಗನ್ನು ಮುಟ್ಟಬೇಡ.

ಬಟ್ಟೆಯ ಮುಖ ಬರೆದು ಮೇಲ್‌ಗೆ ಕಳಿಸಿದ್ದೇನೆ. ಅಂಗಡಿಗೆ ಹೋಗಿ, ಸೀರೆ ತಿರುಗಿಸಿ, ನೋಡಿ ಬರೆದದ್ದು. ಮುಖ ಇಷ್ಟು ನುಣುಪಾಗಿರುತ್ತದೆ ಎಂದು ಗೊತ್ತಿರಲಿಲ್ಲ. ಈ ಸಲ ಎಲ್ಲೂ ಬಾಲವಿಲ್ಲ. ಮುಂದಿನ ಫ್ರಾಕಿಗೆ ಇದನ್ನು ಹಾಕು. ಪಾರ್ಸೆಲ್ ಒಡೆಯದಿದ್ದರೆ ಹಾಗೇ ಇರಲಿ.

ಇನ್ನೊಂದು. ಇದುವರೆಗಿನ ಎಲ್ಲ ಚಿತ್ರಗಳಲ್ಲಿ ಅವಳ ಬಾಯಿ ಮುಚ್ಚಿದೆ. ಹಟ ಎಂದುಕೊಂಡಿದ್ದೆ. ಯಾಕೆಂದು ಈಗ ಗೊತ್ತಾಯಿತು. ಫೆಬ್ರುವರಿಯದರಲ್ಲಿ ತೆರೆದು ಬರೆ. ಬಹಳ ಬೇಡ, ಅವ್ವಾ ಅನ್ನಲು ತೆರೆಯುವಷ್ಟು. ಸರಿಯಾಗುವ ತನಕ ನಾನು ಒಪ್ಪುವುದಿಲ್ಲ.

ಗುರುಬಾಯಿ